ಸರ್ಟಿಫಿಕೇಟ್ ಬಿಡಿ, ನಾಲ್ಕನೇ ತಿಂಗಳು ನೋಡಿ: ಬೆಂಗಳೂರಿನ ಉಚಿತ ತರಬೇತಿ, ಉದ್ಯೋಗ ನೆರವಿನ ವಿಮರ್ಶೆ

ಮೆಜೆಸ್ಟಿಕ್, ಕಲಾಸಿಪಾಳ್ಯ, ಯಶವಂತಪುರ, ಯಾವ ಬಸ್ ನಿಲ್ದಾಣದ ಕಂಬ ನೋಡಿದರೂ ಒಂದು ಚೀಟಿ ಅಂಟಿರುತ್ತದೆ: ಉಚಿತ ತರಬೇತಿ, ಕೆಲಸ ಗ್ಯಾರಂಟಿ. ಅದರಲ್ಲಿ ಕೆಲವು ಸರ್ಕಾರಿ ಯೋಜನೆಯ ಕೇಂದ್ರಗಳು, ಕೆಲವು ಒಳ್ಳೆಯ ಟ್ರಸ್ಟ್‌ಗಳು. ಇನ್ನು ಕೆಲವು ಬರೀ ಏಜೆನ್ಸಿಗಳು, ಹುಡುಗರನ್ನು ಕಂಪನಿಗೆ ತುಂಬಿಸಿ ತಲೆಗಿಷ್ಟು ಎಂದು ಕಮಿಷನ್ ಎಣಿಸಿಕೊಳ್ಳುವವರು. ಹೊರಗಿನಿಂದ ನೋಡಿದರೆ ಮೂರೂ ಒಂದೇ ಥರ ಕಾಣುತ್ತವೆ. ಅದೇ ಫ್ಲೆಕ್ಸ್, ಅದೇ ಟೈ ಕಟ್ಟಿದ ಹುಡುಗನ ಫೋಟೊ.

ಎಸ್ಸೆಸ್ಸೆಲ್ಸಿ ಫೇಲಾದ ತಮ್ಮನನ್ನೋ, ಪಿಯುಸಿ ಅರ್ಧಕ್ಕೆ ಬಿಟ್ಟ ಪಕ್ಕದ ಮನೆ ಹುಡುಗಿಯನ್ನೋ, ಬಾಲಮಂದಿರದಿಂದ ಈಗಷ್ಟೇ ಹೊರಬಂದ ಹದಿನೆಂಟರ ಹುಡುಗನನ್ನೋ ಎಲ್ಲಿಗೆ ಕಳಿಸುವುದು ಎಂದು ಕೇಳುವವರಿಗಾಗಿ ಈ ವಿಮರ್ಶೆ. ಅಳತೆಗೋಲು ಒಂದೇ. ಕೆಲಸಕ್ಕೆ ಸೇರಿದ ನಾಲ್ಕನೇ ತಿಂಗಳಲ್ಲಿ ಆ ಬ್ಯಾಚಿನ ಎಷ್ಟು ಜನ ಇನ್ನೂ ಕೆಲಸದಲ್ಲಿದ್ದಾರೆ? ತರಬೇತಿ ಕೊಡುವುದನ್ನು ಬಹುಪಾಲು ಎಲ್ಲರೂ ಒಂದು ಮಟ್ಟಕ್ಕೆ ಮಾಡುತ್ತಾರೆ. ಸೋಲು ಗೆಲುವು ನಿರ್ಧಾರವಾಗುವುದು ಅದರ ಎರಡೂ ತುದಿಯಲ್ಲಿ: ಸೇರುವ ಮುನ್ನ ಕಾಗದಪತ್ರ ಸರಿಮಾಡುವ ವಾರದಲ್ಲಿ, ಮತ್ತು ಕೆಲಸ ಸಿಕ್ಕ ಮೇಲೆ ಮೊದಲ ಸಂಬಳ ಕೈಗೆ ಬರುವವರೆಗಿನ ಅವಧಿಯಲ್ಲಿ.

ಮೊದಲ ವಾರ: ಹೆಸರು, ಹುಟ್ಟಿದ ದಿನ, ಖಾತೆ

ಒಳ್ಳೆಯ ಕೇಂದ್ರವನ್ನು ಮೊದಲ ದಿನವೇ ಗುರುತಿಸಬಹುದು. ಅವರು ಆಧಾರ್ ಕಾರ್ಡನ್ನೂ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನೂ ಟೇಬಲ್ ಮೇಲೆ ಅಕ್ಕಪಕ್ಕ ಇಟ್ಟು ಓದುತ್ತಾರೆ. ಅಂಕಪಟ್ಟಿಯಲ್ಲಿ ‘ಮಂಜುನಾಥ ಎಸ್’, ಆಧಾರ್‌ನಲ್ಲಿ ‘ಮಂಜುನಾಥ ಶಿವಣ್ಣ’, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ‘ಎಸ್ ಮಂಜು’. ಊರಲ್ಲಿ ಇದು ಯಾರಿಗೂ ತೊಂದರೆ ಕೊಡುವುದಿಲ್ಲ. ಆದರೆ ಪಿಎಫ್ ಖಾತೆ ತೆರೆಯುವಾಗ, ವಿದ್ಯಾರ್ಥಿವೇತನದ ಅರ್ಜಿ ಹಾಕುವಾಗ, ಕಂಪನಿಯ ಹಿನ್ನೆಲೆ ಪರಿಶೀಲನೆಯಲ್ಲಿ, ಎಲ್ಲ ಕಡೆ ಇದೇ ಕಾಲಿಗೆ ತೊಡರುತ್ತದೆ. ತಿದ್ದುವುದಾದರೆ ಅಂಕಪಟ್ಟಿಗೆ ಹೊಂದುವಂತೆ ಆಧಾರ್ ತಿದ್ದಿಸಬೇಕು. ಅಂಕಪಟ್ಟಿ ತಿದ್ದಿಸಲು ಶಾಲೆ, ಬಿಇಒ ಕಚೇರಿ, ಪರೀಕ್ಷಾ ಮಂಡಳಿ ಎಂದು ಅಲೆಯಬೇಕಾಗುತ್ತದೆ. ಹಾಗೆಂದು ಆಧಾರ್ ಕೇಂದ್ರಕ್ಕೆ ಅವಸರದಲ್ಲಿ ಓಡಬೇಡಿ. ಹೆಸರನ್ನು ಎರಡೇ ಸಲ, ಹುಟ್ಟಿದ ದಿನಾಂಕವನ್ನು ಒಂದೇ ಸಲ ಬದಲಿಸಲು ಅವಕಾಶ. ಆ ಒಂದು ಅವಕಾಶವನ್ನು ಸೈಬರ್ ಸೆಂಟರ್‌ನವನು ತಪ್ಪು ದಿನಾಂಕ ಹಾಕಿ ಕಳೆದುಬಿಟ್ಟರೆ ಮುಂದಿನ ದಾರಿ ಬಲು ಉದ್ದ.

ಎರಡನೆಯದು ಬ್ಯಾಂಕ್ ಖಾತೆ. ‘ಆಧಾರ್ ಲಿಂಕ್ ಆಗಿದೆ’ ಎಂದು ಬ್ಯಾಂಕಿನವರು ಹೇಳಿದರೆ ಸಾಲದು. ಸರ್ಕಾರದ ನೇರ ವರ್ಗಾವಣೆ ಹಣ ಹೋಗುವುದು ಬ್ಯಾಂಕ್‌ಗಳ ನಡುವಿನ ಪಾವತಿ ನೋಡಿಕೊಳ್ಳುವ ಎನ್‌ಪಿಸಿಐ ಸಂಸ್ಥೆಯ ಪಟ್ಟಿಯಲ್ಲಿ ಕೊನೆಯದಾಗಿ ಯಾವ ಬ್ಯಾಂಕ್ ಸೇರಿದೆಯೋ ಅದಕ್ಕೆ. ಸಿಮ್ ತಗೊಳ್ಳುವಾಗ ಅಂಗಡಿಯವನು ಹೆಬ್ಬೆಟ್ಟು ಒತ್ತಿಸಿಕೊಂಡು ತೆರೆದ ಪೇಮೆಂಟ್ಸ್ ಬ್ಯಾಂಕ್ ಖಾತೆ ಎಷ್ಟೋ ಮಕ್ಕಳಿಗೆ ನೆನಪೂ ಇರುವುದಿಲ್ಲ, ಸ್ಟೈಪೆಂಡ್ ಮಾತ್ರ ಅಲ್ಲಿಗೆ ಹೋಗಿ ಕೂತಿರುತ್ತದೆ. ಆಧಾರ್‌ನ ಅಧಿಕೃತ ವೆಬ್‌ಸೈಟಿನಲ್ಲಿ ‘ಬ್ಯಾಂಕ್ ಸೀಡಿಂಗ್ ಸ್ಟೇಟಸ್’ ಎಂಬ ಕೊಂಡಿ ಇದೆ. ಆಧಾರ್‌ಗೆ ಜೋಡಿಸಿದ ಮೊಬೈಲ್‌ಗೆ ಬರುವ ಒಟಿಪಿ ಹಾಕಿದರೆ ಎರಡು ನಿಮಿಷದಲ್ಲಿ ಉತ್ತರ ಸಿಗುತ್ತದೆ. ಆ ಮೊಬೈಲ್ ನಂಬರ್ ಊರಲ್ಲಿರುವ ಅಪ್ಪನದಾಗಿದ್ದರೆ, ಅಥವಾ ರೀಚಾರ್ಜ್ ಮಾಡಿಸದೆ ಸತ್ತುಹೋಗಿದ್ದರೆ, ಮೊದಲು ಅದನ್ನು ಬದಲಿಸಬೇಕು.

ಮೂರನೆಯದು ಜಾತಿ, ಆದಾಯ ಪ್ರಮಾಣಪತ್ರ. ನಾಡಕಚೇರಿಯಲ್ಲಿ ಕೊಡುವ ಪತ್ರದ ಮೇಲೆ ಆರ್‌ಡಿ ಎಂದು ಶುರುವಾಗುವ ಸಂಖ್ಯೆ ಇರುತ್ತದೆ. ರಾಜ್ಯ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಆ ಸಂಖ್ಯೆ ಇಲ್ಲದೆ ಅರ್ಜಿ ಮುಂದಕ್ಕೆ ಹೋಗುವುದಿಲ್ಲ. ಆದಾಯ ಪತ್ರಕ್ಕೆ ಐದು ವರ್ಷದ ಅವಧಿ. ಎಂಟನೇ ಕ್ಲಾಸಿನಲ್ಲಿ ಮಾಡಿಸಿದ್ದು ಡಿಪ್ಲೊಮಾ ಮೂರನೇ ವರ್ಷಕ್ಕೆ ಬರುವಷ್ಟರಲ್ಲಿ ಸರಿಯಾಗಿ ಮುಗಿದಿರುತ್ತದೆ. ಅದು ಗೊತ್ತಾಗುವುದು ಅರ್ಜಿಯ ಕೊನೆಯ ದಿನ.

ಇಷ್ಟನ್ನು ಕೂತು ಮಾಡಿಸುವ ಕೇಂದ್ರ ಸಿಕ್ಕರೆ, ಅವರ ಕ್ಲಾಸ್‌ರೂಮಿನಲ್ಲಿ ಎಸಿ ಇಲ್ಲದಿದ್ದರೂ ಪರವಾಗಿಲ್ಲ, ಸೇರಿಸಿ. ‘ಜೆರಾಕ್ಸ್ ಕೊಟ್ಟು ಹೋಗಿ’ ಎಂದಷ್ಟೇ ಹೇಳುವ ಕಡೆ ಸ್ವಲ್ಪ ಯೋಚಿಸಿ. ಮೂಲ ಅಂಕಪಟ್ಟಿಯನ್ನೇ ಇಟ್ಟುಕೊಳ್ಳುತ್ತೇವೆ ಎನ್ನುವ ಕಡೆ ಕಾಲಿಡಬೇಡಿ. ಕೋರ್ಸ್ ಮಧ್ಯದಲ್ಲಿ ಬಿಟ್ಟು ಹೋಗದಂತೆ ಹಿಡಿದಿಡಲು ಕೆಲವರು ಮಾಡುವ ಉಪಾಯ ಅದು. ಅಪ್‌ಲೋಡ್‌ಗೆ ಸ್ಕ್ಯಾನ್ ಸಾಕು, ಪರಿಶೀಲನೆಗೆ ಮೂಲಪ್ರತಿ ತೋರಿಸಿ ವಾಪಸ್ ತಗೊಂಡು ಬರಬಹುದು.

ಕಡಿಮೆ ಅವಧಿಯ ಕೋರ್ಸ್‌ಗಳು: ಎಲ್ಲಿ ಜಳ್ಳು, ಎಲ್ಲಿ ಕಾಳು

ಸರ್ಕಾರದ ಕಡೆಯಿಂದ ಮೂರು ಹೆಸರು ಹೆಚ್ಚು ಕೇಳಿಬರುತ್ತವೆ. 2015ರಲ್ಲಿ ಶುರುವಾದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆ, 2017ರ ಮುಖ್ಯಮಂತ್ರಿ ಕೌಶಲ್ಯ ಕರ್ನಾಟಕ ಯೋಜನೆ, ಮತ್ತು 2014ರ ದೀನದಯಾಳ್ ಉಪಾಧ್ಯಾಯ ಗ್ರಾಮೀಣ ಕೌಶಲ್ಯ ಯೋಜನೆ. ರಾಜ್ಯದ ಕೋರ್ಸ್‌ಗಳ ನೋಂದಣಿ ‘ಕೌಶಲ್ಕರ್’ ಪೋರ್ಟಲ್‌ನಲ್ಲಿ. ಇಲಾಖೆಯ ಕಚೇರಿ ಬನ್ನೇರುಘಟ್ಟ ರಸ್ತೆಯಲ್ಲಿ ಡೈರಿ ಸರ್ಕಲ್ ಹತ್ತಿರದ ಕೌಶಲ್ಯ ಭವನದಲ್ಲಿದೆ.

ಮೂರರಲ್ಲಿ ಕಾಗದದ ಮೇಲೆ ಅತ್ಯಂತ ಗಟ್ಟಿ ಇರುವುದು ಗ್ರಾಮೀಣ ಯೋಜನೆಯೇ. 15ರಿಂದ 35 ವರ್ಷದೊಳಗಿನವರಿಗೆ, ಕನಿಷ್ಠ 576 ಗಂಟೆ ತರಬೇತಿ. ಕಲಿತವರಲ್ಲಿ ನೂರಕ್ಕೆ 70 ಮಂದಿಗೆ ಕೆಲಸ ಕೊಡಿಸುವ ಹೊಣೆ ಸಂಸ್ಥೆಯದೇ. ಕೆಲಸ ಎಂದರೆ ಮೂರು ತಿಂಗಳು ಸಂಬಳದ ದಾಖಲೆ ತೋರಿಸಬೇಕು. ಇನ್ನೊಂದು ವಿಷಯ ಬಹಳ ಮಕ್ಕಳಿಗೆ ಯಾರೂ ಹೇಳುವುದೇ ಇಲ್ಲ. ಕೆಲಸಕ್ಕೆ ಸೇರಿದ ಮೇಲೆ ತಿಂಗಳಿಗೆ ಸಾವಿರ ರೂಪಾಯಿ ನೆರವು ಈ ಯೋಜನೆಯ ನಿಯಮದಲ್ಲೇ ಇದೆ. ಸ್ವಂತ ಜಿಲ್ಲೆಯಲ್ಲಾದರೆ ಎರಡು ತಿಂಗಳು, ರಾಜ್ಯದೊಳಗೆ ಬೇರೆ ಜಿಲ್ಲೆಯಾದರೆ ಮೂರು, ಹೊರರಾಜ್ಯವಾದರೆ ಆರು. ರಾಯಚೂರಿನಿಂದ ಬಂದು ಬೊಮ್ಮಸಂದ್ರದಲ್ಲಿ ಕೆಲಸಕ್ಕೆ ನಿಂತವನಿಗೆ ಮೂರು ಸಾವಿರ ಬರಬೇಕು. ಕೇಳಿ ಪಡೆಯಬೇಕು. ‘ಗ್ರಾಮೀಣ’ ಎಂಬ ಹೆಸರು ನೋಡಿ ಬೆಂಗಳೂರಲ್ಲಿರುವವರು ಬಿಟ್ಟುಬಿಡುತ್ತಾರೆ. ಅಪ್ಪ ಅಮ್ಮನ ಜೊತೆ ಕಟ್ಟಡ ಕೆಲಸಕ್ಕೆ ಬಂದು ಇಲ್ಲಿ ಶೆಡ್‌ನಲ್ಲಿರುವ ಹುಡುಗನ ರೇಷನ್ ಕಾರ್ಡ್ ಇನ್ನೂ ಊರಲ್ಲೇ ಇದ್ದರೆ, ಅಲ್ಲಿನ ಪಂಚಾಯಿತಿಯಲ್ಲಿ ಒಮ್ಮೆ ವಿಚಾರಿಸುವುದು ಒಳ್ಳೆಯದು.

ಪ್ರಧಾನಮಂತ್ರಿ ಯೋಜನೆಯ ನಾಲ್ಕನೇ ಆವೃತ್ತಿಯಲ್ಲಿ ಅಲ್ಪಾವಧಿ ತರಬೇತಿಗೂ ಕೆಲಸ ಕೊಡಿಸುವುದಕ್ಕೂ ಇದ್ದ ಕೊಂಡಿಯನ್ನು ಕಳಚಿದ್ದಾರೆ. ಅಂದರೆ ಪಾಠ ಮುಗಿಸಿ, ಪರೀಕ್ಷೆ ಬರೆಸಿದರೆ ಕೇಂದ್ರದ ಕೆಲಸ ಮುಗಿಯಿತು. ಇದರಿಂದ ಸುಳ್ಳು ನೇಮಕ ಪತ್ರಗಳ ಕಾಟ ಕಡಿಮೆಯಾಗಬಹುದು, ನಿಜ. ಆದರೆ ಹತ್ತನೇ ಕ್ಲಾಸೂ ಪಾಸಾಗದ, ಮನೆಯಲ್ಲಿ ಯಾರೂ ಸಂಬಳದ ಕೆಲಸ ನೋಡಿರದ ಮಗುವಿಗೆ ‘ಮುಂದೆ ನೀನೇ ಹುಡುಕಿಕೋ’ ಎಂದರೆ ಸರ್ಟಿಫಿಕೇಟ್ ಗೋಡೆಗೆ ಹೋಗುತ್ತದೆ, ಹುಡುಗ ಹಳೇ ಗ್ಯಾರೇಜಿಗೆ ಹೋಗುತ್ತಾನೆ. ಈ ಯೋಜನೆಯ ಕೇಂದ್ರಕ್ಕೆ ಸೇರುವುದಾದರೆ, ಕೆಲಸ ಕೊಡಿಸಲು ಅಲ್ಲಿ ಪ್ರತ್ಯೇಕ ಸಿಬ್ಬಂದಿ ಇದ್ದಾರೆಯೇ ಎಂದು ಕೇಳಿಯೇ ಸೇರಿ.

ತರಬೇತಿಯ ಗುಣಮಟ್ಟ ತಿಳಿಯಲು ಸಿಲಬಸ್ ಓದುವುದು ವ್ಯರ್ಥ, ಮೆಷಿನ್ ನೋಡಿ. ಹೊಲಿಗೆ ಕೋರ್ಸ್‌ನಲ್ಲಿ ಕಾಲಿನಿಂದ ತುಳಿಯುವ ಮನೆ ಮೆಷಿನ್‌ಗಳೇ ಸಾಲಾಗಿ ನಿಂತಿದ್ದರೆ, ಆ ತರಬೇತಿ ಬ್ಲೌಸ್ ಅಂಗಡಿಗೆ ಸರಿ. ಮೈಸೂರು ರಸ್ತೆಯ, ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ಗೆ ಸಾಲದು. ಅಲ್ಲಿರುವುದು ಮೋಟಾರಿನ ಸಿಂಗಲ್ ನೀಡಲ್ ಮೆಷಿನ್. ಪೆಡಲ್ ಮೇಲೆ ಸ್ವಲ್ಪ ಭಾರ ಹೆಚ್ಚಾದರೆ ಬಟ್ಟೆ ಸರ್ರನೆ ಓಡಿ ಹೊಲಿಗೆ ಗೆರೆ ದಾಟುತ್ತದೆ, ಕೆಲವೊಮ್ಮೆ ಸೂಜಿಯ ಕೆಳಗೆ ಬೆರಳೂ ಹೋಗುತ್ತದೆ. ಕಾಲಿನ ಮೆಷಿನ್‌ನಲ್ಲಿ ಕಲಿತ ಹುಡುಗಿಗೆ ಮೊದಲ ದಿನವೇ ಲೈನಿನಲ್ಲಿ ಕೂರಿಸಿ ಗಂಟೆಗಿಷ್ಟು ಪೀಸ್ ಎಂದರೆ ಅವಳು ವಾರದಲ್ಲಿ ಬಿಟ್ಟು ಬರುತ್ತಾಳೆ. ತಪ್ಪು ಅವಳದಲ್ಲ. ಒಳ್ಳೆಯ ಕೇಂದ್ರದಲ್ಲಿ ಮೊದಲು ದಾರವೇ ಇಲ್ಲದೆ ಕಾಗದದ ಮೇಲೆ ಗೆರೆ ಹೊಡೆಸುತ್ತಾರೆ. ನೇರ ಗೆರೆ, ಮೂಲೆ, ವೃತ್ತ. ಪೆಡಲ್ ಕಾಲಿನ ಹಿಡಿತಕ್ಕೆ ಬಂದ ಮೇಲಷ್ಟೇ ಬಟ್ಟೆ. ಇದೇ ಲೆಕ್ಕ ಉಳಿದ ಕಡೆಗೂ: ಎಲೆಕ್ಟ್ರಿಕಲ್ ಕ್ಲಾಸ್‌ನಲ್ಲಿ ಮಕ್ಕಳೇ ಬಿಚ್ಚಿ ಜೋಡಿಸುವ ಸ್ಟಾರ್ಟರ್ ಇದೆಯೇ, ಅಥವಾ ಬೋರ್ಡಿನ ಮೇಲೆ ಚಿತ್ರ ಮಾತ್ರವೇ? ಕಂಪ್ಯೂಟರ್ ಕ್ಲಾಸ್‌ನಲ್ಲಿ ಒಂದು ಕೀಬೋರ್ಡಿಗೆ ಎಷ್ಟು ಜನ? ಮೂವರಾದರೆ ಒಬ್ಬ ಟೈಪ್ ಮಾಡುತ್ತಾನೆ, ಇಬ್ಬರು ನೋಡುತ್ತಾರೆ.

ಸ್ಪೋಕನ್ ಇಂಗ್ಲಿಷ್ ಬಗ್ಗೆ ಒಂದು ಮಾತು. ಎರಡು ತಿಂಗಳಲ್ಲಿ ಇಂಗ್ಲಿಷ್ ಬರುವುದಿಲ್ಲ. ಆದರೆ ಬಿಲ್ಲಿಂಗ್ ಕೌಂಟರ್‌ಗೆ ಬೇಕಾದ ನಲವತ್ತೈವತ್ತು ವಾಕ್ಯ, ಫೋನ್ ಎತ್ತಿದಾಗ ಹೇಳಬೇಕಾದ ಹತ್ತು ಮಾತು, ತನ್ನ ಬಗ್ಗೆ ಒಂದು ನಿಮಿಷ ತಡವರಿಸದೆ ಹೇಳುವ ಧೈರ್ಯ, ಇಷ್ಟು ಬರುತ್ತದೆ. ಕನ್ನಡದಲ್ಲಿ ವಿವರಿಸಿ ಇಂಗ್ಲಿಷಿನಲ್ಲಿ ಹೇಳಿಸುವ ಮೇಷ್ಟ್ರು ಇದ್ದ ಕಡೆ ಮಕ್ಕಳು ಬಾಯಿ ಬಿಡುತ್ತಾರೆ. ‘ಇಲ್ಲಿ ಕನ್ನಡ ಮಾತಾಡಿದರೆ ಹತ್ತು ರೂಪಾಯಿ ಫೈನ್’ ಎಂಬ ಬೋರ್ಡ್ ಹಾಕಿದ ಕಡೆ ಮೂರನೇ ದಿನಕ್ಕೇ ಮೌನವಾಗಿ ಹಿಂದಿನ ಬೆಂಚಿಗೆ ಹೋಗುತ್ತಾರೆ.

ವ್ಯಕ್ತಿತ್ವದ ತರಬೇತಿ ಎಂಬ ಹೆಸರಿನಲ್ಲಿ ಏನೇನೋ ನಡೆಯುತ್ತದೆ, ಬಹುಪಾಲು ಭಾಷಣ. ಇದನ್ನು ಅಳೆಯುವಂತೆ ಮಾಡಿದವರಲ್ಲಿ ಬೆಂಗಳೂರಿನದೇ ಸಂಸ್ಥೆ ಡ್ರೀಮ್ ಎ ಡ್ರೀಮ್ ಇದೆ. 1999ರಿಂದ ಕೆಲಸ ಮಾಡುತ್ತಿರುವ ಇವರ ಜೀವನ ಕೌಶಲದ ಅಳತೆಪಟ್ಟಿ 2014ರಲ್ಲಿ ಸಂಶೋಧನಾ ಪತ್ರಿಕೆಯಲ್ಲಿ ಪ್ರಕಟವಾಯಿತು. ಐದೇ ಅಂಶ: ಇತರರೊಡನೆ ಬೆರೆಯುವುದು, ಕಷ್ಟ ಬಂದಾಗ ದಾರಿ ಹುಡುಕುವುದು, ತಾನಾಗಿ ಮುಂದೆ ಬರುವುದು, ಜಗಳ ನಿಭಾಯಿಸುವುದು, ಹೇಳಿದ್ದನ್ನು ಅರ್ಥ ಮಾಡಿಕೊಂಡು ನಡೆಯುವುದು. ಮಕ್ಕಳಿಂದ ಉತ್ತರ ಬರೆಸದೆ, ಅವರು ಆಡುವಾಗ, ಗುಂಪಿನಲ್ಲಿ ಕೆಲಸ ಮಾಡುವಾಗ ನೋಡಿ ಅಂಕ ಕೊಡುವ ಪದ್ಧತಿ. ಪಟ್ಟಿ ಮಾಡಿರುವುದು 8ರಿಂದ 16 ವರ್ಷದವರಿಗೆ. ಆದರೂ ಕೆಲಸ ಬಿಟ್ಟು ಬಂದವರ ಕಾರಣ ಕೇಳಿದರೆ ಈ ಐದರಲ್ಲೇ ಒಂದು ಸಿಗುತ್ತದೆ. ‘ಸೂಪರ್‌ವೈಸರ್ ಎಲ್ಲರೆದುರು ಬೈದ, ಬಿಟ್ಟು ಬಂದೆ’ ಎನ್ನುವುದು ಅದರಲ್ಲಿ ಮೊದಲನೆಯದು. ಬೈಗುಳ ನುಂಗಿಕೊಳ್ಳುವುದನ್ನು ಕಲಿಸಿ ಎಂದು ಹೇಳುತ್ತಿಲ್ಲ. ಯಾವುದು ಕೆಲಸದ ತಪ್ಪಿಗೆ ಬಂದ ಮಾತು, ಯಾವುದು ಜಾತಿ, ಮೈಬಣ್ಣ, ಊರು ಹಿಡಿದು ಆಡಿದ ಮಾತು, ಎರಡನೆಯದಕ್ಕೆ ಯಾರಿಗೆ ದೂರು ಕೊಡಬೇಕು ಎಂಬುದನ್ನು ಕಲಿಸಬೇಕು. ಅದನ್ನು ಕಲಿಸುವ ಕೇಂದ್ರಗಳು ಕಡಿಮೆ.

ನೇಮಕ ಪತ್ರದ ಲೆಕ್ಕ

ಇಲ್ಲಿಯೇ ಬಹುತೇಕ ಕೇಂದ್ರಗಳು ಅಂಕ ಕಳೆದುಕೊಳ್ಳುವುದು. ‘ಹದಿನೇಳೂವರೆ ಸಾವಿರ ಸಂಬಳ’ ಎಂದು ಹೇಳಿ ಕಳಿಸುತ್ತಾರೆ. ಹುಡುಗ ಅಮ್ಮನಿಗೆ ಅಷ್ಟೇ ಹೇಳುತ್ತಾನೆ. ತಿಂಗಳ ಕೊನೆಗೆ ಖಾತೆಗೆ ಹದಿಮೂರು ಸಾವಿರ ಬರುತ್ತದೆ, ಮೋಸ ಹೋದೆ ಎಂದು ಕೆಲಸ ಬಿಡುತ್ತಾನೆ. ಮೋಸ ಆಗಿರುವುದಿಲ್ಲ, ಲೆಕ್ಕ ಯಾರೂ ಹೇಳಿರುವುದಿಲ್ಲ.

ಒಟ್ಟು ಕೂಲಿ 15,000 ಎಂದುಕೊಳ್ಳಿ, ಪೂರ್ತಿ ಮೊತ್ತಕ್ಕೂ ಪಿಎಫ್ ಹಿಡಿಯುತ್ತಾರೆ ಎಂದುಕೊಳ್ಳಿ. ನೌಕರನ ಪಾಲು ನೂರಕ್ಕೆ 12, ಅಂದರೆ 1,800. ಇಎಸ್‌ಐ ಎಂಬ ಆರೋಗ್ಯ ವಿಮೆಗೆ ನೂರಕ್ಕೆ ಮುಕ್ಕಾಲು ರೂಪಾಯಿ, 113. ಕೈಗೆ ಬರುವುದು 13,087. ಇನ್ನೊಂದು ಕಡೆ ಕಂಪನಿ ತನ್ನ ಪಾಲಿನ ಪಿಎಫ್ ಮತ್ತು ಅದರ ಶುಲ್ಕ 1,950, ಇಎಸ್‌ಐ 488 ಕಟ್ಟುತ್ತದೆ. ಇದೆಲ್ಲ ಸೇರಿಸಿ ಪತ್ರದ ಮೇಲೆ ಬರೆಯುವುದು 17,438. ತಿಂಗಳ ಸಂಬಳ 25,000 ಮುಟ್ಟದವರಿಗೆ ಕರ್ನಾಟಕದಲ್ಲಿ ವೃತ್ತಿ ತೆರಿಗೆ ಇಲ್ಲ. ಆ ಹೆಸರಲ್ಲಿ 200 ಕಡಿದಿದ್ದರೆ ಪ್ರಶ್ನಿಸಬೇಕು. ಕಡಿತವಾದ ಹಣ ನಿಜವಾಗಿ ಕಟ್ಟಿದ್ದಾರೆಯೇ ಎಂದು ತಿಳಿಯಲು ಪಿಎಫ್‌ನ ಯುಎಎನ್ ಸಂಖ್ಯೆಯನ್ನು ತಾನೇ ಸಕ್ರಿಯ ಮಾಡಿಕೊಂಡು ಪಾಸ್‌ಬುಕ್ ನೋಡಬೇಕು. ಇಎಸ್‌ಐ ಕಾರ್ಡ್ ಕೈಗೆ ಬಂದರೆ ಮನೆಯವರ ಚಿಕಿತ್ಸೆಗೂ ಆಗುತ್ತದೆ. 21,000 ರೂಪಾಯಿಯೊಳಗಿನ ಸಂಬಳದವರಿಗೆ ಇದು ದೊಡ್ಡ ಸೌಲಭ್ಯ, ಆದರೆ ‘ಕಡಿತ’ ಎಂಬ ಹೆಸರಲ್ಲೇ ಉಳಿದುಬಿಟ್ಟಿದೆ.

ಎರಡನೇ ಗುಂಡಿ ಮೊದಲ ಸಂಬಳದ ದಿನಾಂಕ. ಹಲವು ಕಂಪನಿಗಳಲ್ಲಿ ಹಾಜರಿ 25ಕ್ಕೆ ಮುಚ್ಚುತ್ತದೆ, ಸಂಬಳ ಮುಂದಿನ ತಿಂಗಳ 7ಕ್ಕೆ. ಜೂನ್ 26ಕ್ಕೆ ಸೇರಿದವನ ಹಾಜರಿ ಜುಲೈ ಲೆಕ್ಕಕ್ಕೆ ಹೋಗಿ, ಮೊದಲ ಸಂಬಳ ಆಗಸ್ಟ್ 7ಕ್ಕೆ. ನಲವತ್ತೆರಡು ದಿನ! ಅಲ್ಲಿಯವರೆಗೆ ಪಿಜಿ ಅಡ್ವಾನ್ಸ್, ಊಟ, ಬಸ್ಸು, ಕಂಪನಿ ಹೇಳಿದ ಕಪ್ಪು ಶೂ ಎಲ್ಲಕ್ಕೂ ಕೈಯಿಂದಲೇ ಹಾಕಬೇಕು. ಡೆಲಿವರಿ ಕೆಲಸದಲ್ಲಿ ವಾರಕ್ಕೊಮ್ಮೆ ದುಡ್ಡು ಬರುತ್ತದೆ. ಹುಡುಗರು ಪಿಎಫ್ ಇರುವ ಕೆಲಸ ಬಿಟ್ಟು ಬೈಕ್ ಹತ್ತುವುದನ್ನು ‘ಶಿಸ್ತಿಲ್ಲ’ ಎಂದು ಬೈಯುವವರು ಈ ನಲವತ್ತೆರಡು ದಿನದ ಲೆಕ್ಕ ಮಾಡಿ ನೋಡಬೇಕು. ಕೆಲವು ಸಂಸ್ಥೆಗಳು ಸೇರುವ ದಿನಾಂಕವನ್ನೇ ತಿಂಗಳ ಮೊದಲ ವಾರಕ್ಕೆ ಹೊಂದಿಸುತ್ತವೆ. ಕೆಲವು ಎರಡು ಮೂರು ಸಾವಿರದ ಬಡ್ಡಿಯಿಲ್ಲದ ಕೈಗಡ ಕೊಟ್ಟು ಮೂರು ಕಂತಿನಲ್ಲಿ ವಾಪಸ್ ಪಡೆಯುತ್ತವೆ. ಖರ್ಚು ಅತಿ ಕಡಿಮೆ, ಫಲ ಎಲ್ಲಕ್ಕಿಂತ ಹೆಚ್ಚು. ಇದು ಇರುವ ಕೇಂದ್ರಕ್ಕೆ ನಮ್ಮ ಪೂರ್ತಿ ಅಂಕ.

ಮೂರನೆಯದು ದೂರ. ಪೀಣ್ಯ ಕಡೆಯ ಹುಡುಗಿಗೆ ವೈಟ್‌ಫೀಲ್ಡ್‌ನಲ್ಲಿ ಕೆಲಸ ಕೊಡಿಸಿದರೆ ಅಂಕಿಅಂಶದಲ್ಲಿ ಅದು ‘ಪ್ಲೇಸ್‌ಮೆಂಟ್’, ಬದುಕಿನಲ್ಲಿ ದಿನಕ್ಕೆ ನಾಲ್ಕು ಗಂಟೆ ಬಸ್ಸು. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರಿಗೆ ಬಿಎಂಟಿಸಿಯ ಸಾಮಾನ್ಯ ಬಸ್ ಉಚಿತ. ತರಬೇತಿಗೆ ಬರುವ ಹುಡುಗಿಯರಿಗೆ ಇದು ನಿಜವಾದ ಆಸರೆ. ಟಿಕೆಟ್ ದುಡ್ಡು ಉಳಿಯುತ್ತದೆ, ಆದರೆ ರಾತ್ರಿ ಒಂಬತ್ತಕ್ಕೆ ಮಾಲ್ ಮುಚ್ಚಿದ ಮೇಲೆ ಕೊನೆಯ ಬಸ್ಸಿನಿಂದ ಇಳಿದು ಮನೆವರೆಗೆ ನಡೆಯುವ ಕತ್ತಲೆ ಹಾಗೇ ಇರುತ್ತದೆ. ಶಿಫ್ಟ್ ಸಮಯ, ಕಂಪನಿ ವಾಹನ ಇದೆಯೇ ಎಂಬುದನ್ನು ಸಂದರ್ಶನಕ್ಕೆ ಮೊದಲೇ ಮನೆಯವರ ಜೊತೆ ಮಾತಾಡುವ ಕೇಂದ್ರದ ಹುಡುಗಿಯರು ಉಳಿಯುತ್ತಾರೆ.

ಎರಡು ವರ್ಷ ಕಾಯಬಲ್ಲವರಿಗೆ

ಮನೆಯ ಪರಿಸ್ಥಿತಿ ಸ್ವಲ್ಪವಾದರೂ ತಡೆಯುವುದಾದರೆ ಮೂರು ತಿಂಗಳ ಕೋರ್ಸಿಗಿಂತ ಸರ್ಕಾರಿ ಐಟಿಐ ಎಷ್ಟೋ ಮೇಲು. ಹೊಸೂರು ರಸ್ತೆಯ ಐಟಿಐ ಎಲ್ಲರಿಗೂ ಗೊತ್ತು. ಫಿಟ್ಟರ್, ಎಲೆಕ್ಟ್ರಿಷಿಯನ್ ಎರಡು ವರ್ಷ, ಎಸ್ಸೆಸ್ಸೆಲ್ಸಿ ಬೇಕು. ಕಂಪ್ಯೂಟರ್ ಆಪರೇಟರ್ ಟ್ರೇಡ್ ಒಂದು ವರ್ಷ. ವೆಲ್ಡರ್, ಪ್ಲಂಬರ್, ಕಾರ್ಪೆಂಟರ್‌ಗೆ ಎಂಟನೇ ತರಗತಿ ಪಾಸ್ ಸಾಕು. ಎಸ್ಸೆಸ್ಸೆಲ್ಸಿ ಫೇಲಾದವನಿಗೆ ಐಟಿಐ ಬಾಗಿಲು ಮುಚ್ಚಿದೆ ಎಂದು ಹೇಳುವವರ ಮಾತು ನಂಬಬೇಡಿ. 2022ರಲ್ಲಿ ಟಾಟಾ ಟೆಕ್ನಾಲಜೀಸ್ ಜೊತೆ ರಾಜ್ಯದ 150 ಐಟಿಐಗಳನ್ನು ಮೇಲ್ದರ್ಜೆಗೇರಿಸಿದ್ದರಿಂದ ಅಲ್ಲಿ ರೊಬಾಟಿಕ್ಸ್, ಸಿಎನ್‌ಸಿ ಯಂತ್ರಗಳೂ ಬಂದಿವೆ. ತೊಡಕು ಹಾಜರಿಯದು. ನೂರಕ್ಕೆ 80 ಇಲ್ಲದಿದ್ದರೆ ಅಖಿಲ ಭಾರತ ಟ್ರೇಡ್ ಪರೀಕ್ಷೆಗೆ ಕೂರಿಸುವುದಿಲ್ಲ. ರಾತ್ರಿ ಕೇಟರಿಂಗ್ ಕೆಲಸಕ್ಕೆ ಹೋಗಿ ಬೆಳಿಗ್ಗೆ ಏಳಲಾರದ ಹುಡುಗ ಜಾರುವುದು ಇಲ್ಲೇ. ಎರಡು ವರ್ಷದ ಐಟಿಐ ಮುಗಿಸಿದವರು ಪಾಲಿಟೆಕ್ನಿಕ್‌ನ ಎರಡನೇ ವರ್ಷಕ್ಕೆ ನೇರವಾಗಿ ಸೇರಬಹುದು. ಈ ಮೆಟ್ಟಿಲನ್ನು ಬಳಸಿಕೊಳ್ಳುವವರು ಕಡಿಮೆ, ಹೇಳುವವರು ಇನ್ನೂ ಕಡಿಮೆ.

ರಾಜಾಜಿನಗರ ಕೈಗಾರಿಕಾ ಪ್ರದೇಶದ ಜಿಟಿಟಿಸಿ, ಅಂದರೆ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಇನ್ನೊಂದು ತೂಕದ್ದು. 1972ರಲ್ಲಿ ಡೆನ್ಮಾರ್ಕ್ ನೆರವಿನಿಂದ ಶುರುವಾದದ್ದು. ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾದಲ್ಲಿ ಮೂರು ವರ್ಷ ಕಲಿಕೆ, ಒಂದು ವರ್ಷ ಕಾರ್ಖಾನೆಯಲ್ಲೇ ತರಬೇತಿ. ಶುಲ್ಕ ಐಟಿಐಗಿಂತ ಹೆಚ್ಚು, ಗಣಿತ ಕಠಿಣ. ಕೈಕೆಲಸ ಇಷ್ಟಪಡುವ, ಗಣಿತಕ್ಕೆ ಹೆದರದ ಮಗುವಿಗೆ ನಮ್ಮ ಮೊದಲ ಶಿಫಾರಸು ಇದೇ.

ಸ್ವಂತ ಅಂಗಡಿ, ಸ್ವಂತ ಕೆಲಸ ಬೇಕೆನ್ನುವವರಿಗೆ ನೆಲಮಂಗಲದ ಅರಿಶಿನಕುಂಟೆಯ ರುಡ್‌ಸೆಟ್ ಸಂಸ್ಥೆ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ಶಿಕ್ಷಣ ಟ್ರಸ್ಟ್ ಮತ್ತು ಎರಡು ಬ್ಯಾಂಕ್‌ಗಳು ಸೇರಿ ಕಟ್ಟಿದ ಮಾದರಿಯ ಶಾಖೆ ಇದು. ಊಟ, ವಸತಿ ಉಚಿತ, ಬೆಳಿಗ್ಗೆಯಿಂದ ಸಂಜೆವರೆಗೆ ಬಿಗಿ ದಿನಚರಿ. ಕೋರ್ಸ್ ಕೆಲವೇ ವಾರದ್ದು, ಆದರೆ ಮುಗಿದ ಮೇಲೆ ಎರಡು ವರ್ಷ ಬೆನ್ನುಹತ್ತಿ ವಿಚಾರಿಸುತ್ತಾರೆ. ಬ್ಯಾಂಕ್ ಸಾಲದ ಅರ್ಜಿಗೂ ಜೊತೆ ನಿಲ್ಲುತ್ತಾರೆ. ಸಂಬಳದ ಕೆಲಸವೇ ಬೇಕು ಎನ್ನುವವರು ಇಲ್ಲಿಗೆ ಹೋದರೆ ಅವರಿಗೂ ಬೇಸರ, ಸಂಸ್ಥೆಗೂ ಬೇಸರ.

ಅಪ್ರೆಂಟಿಸ್ ಎಂದರೆ ನೌಕರಿ ಅಲ್ಲ

ಈಚೆಗೆ ಹಲವು ಕೇಂದ್ರಗಳು ‘ಕೆಲಸ ಕೊಡಿಸಿದೆವು’ ಎಂದು ತೋರಿಸುವ ಪತ್ರ ಅಪ್ರೆಂಟಿಸ್ ಒಪ್ಪಂದದ್ದಾಗಿರುತ್ತದೆ. ಅದು ಕೆಟ್ಟದ್ದೇನಲ್ಲ. 1961ರ ಅಪ್ರೆಂಟಿಸ್ ಕಾಯ್ದೆಯಡಿ, 2019ರ ನಿಯಮದ ಪ್ರಕಾರ ಕನಿಷ್ಠ ಸ್ಟೈಪೆಂಡ್ ಓದಿಗೆ ತಕ್ಕಂತೆ 5,000ದಿಂದ 9,000. ಎಸ್ಸೆಸ್ಸೆಲ್ಸಿಯವರಿಗೆ 6,000, ಐಟಿಐಯವರಿಗೆ 7,000. ಇದರಲ್ಲಿ ಕಾಲು ಭಾಗ, ಗರಿಷ್ಠ 1,500 ರೂಪಾಯಿ, ಕೇಂದ್ರ ಸರ್ಕಾರದಿಂದ ನೇರ ಖಾತೆಗೆ ಬರುತ್ತದೆ. ಮೇಲೆ ಹೇಳಿದ ಎನ್‌ಪಿಸಿಐ ಕಥೆ ಇಲ್ಲೂ ಅಷ್ಟೇ ಮುಖ್ಯ. ಆದರೆ ಅಪ್ರೆಂಟಿಸ್ ಕಾನೂನಿನ ದೃಷ್ಟಿಯಲ್ಲಿ ನೌಕರನಲ್ಲ. ಪಿಎಫ್, ಇಎಸ್‌ಐ ಇರುವುದಿಲ್ಲ, ಅವಧಿ ಮುಗಿದ ಮೇಲೆ ಉಳಿಸಿಕೊಳ್ಳುವ ಬಾಧ್ಯತೆಯೂ ಕಂಪನಿಗೆ ಇಲ್ಲ. ಒಪ್ಪಂದ ಅಪ್ರೆಂಟಿಸ್‌ಶಿಪ್ ಪೋರ್ಟಲ್‌ನಲ್ಲಿ ನೋಂದಣಿಯಾಗಿದೆಯೇ ನೋಡಿ. ನೋಂದಣಿ ಇಲ್ಲದೆ ‘ಟ್ರೈನಿ’ ಎಂದು ಕರೆದು ಪೂರ್ಣ ಶಿಫ್ಟ್ ದುಡಿಸಿದರೆ ಅದಕ್ಕೆ ಬೇರೆಯೇ ಹೆಸರಿದೆ.

2024ರಲ್ಲಿ ಬಂದ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆಯಲ್ಲಿ ತಿಂಗಳಿಗೆ 5,000, ಒಂದು ಸಲಕ್ಕೆ 6,000, ಹನ್ನೆರಡು ತಿಂಗಳು. 21ರಿಂದ 24 ವರ್ಷದವರಿಗೆ. ಮನೆ ಬೆಂಗಳೂರಿನಲ್ಲೇ ಇದ್ದರೆ ದೊಡ್ಡ ಕಂಪನಿಯ ಹೆಸರು ಬಯೋಡೇಟಾಗೆ ಸಿಗುತ್ತದೆ. ಪಿಜಿಯಲ್ಲಿದ್ದು ಮಾಡುವವರಿಗೆ ಅಷ್ಟು ದುಡ್ಡು ಬಾಡಿಗೆಗೇ ಸರಿಹೋಗುತ್ತದೆ.

ಇನ್ನು ರಾಜ್ಯದ ನಿರುದ್ಯೋಗ ಭತ್ಯೆ ಯುವನಿಧಿ. ತಿಂಗಳಿಗೆ ಪದವೀಧರರಿಗೆ 3,000, ಡಿಪ್ಲೊಮಾದವರಿಗೆ 1,500, ಪಾಸಾಗಿ 180 ದಿನ ಕೆಲಸ ಸಿಗದಿದ್ದರೆ, ಗರಿಷ್ಠ ಎರಡು ವರ್ಷ. ಅರ್ಜಿ ಸೇವಾ ಸಿಂಧು ಪೋರ್ಟಲ್‌ನಲ್ಲಿ. ಮುಂದೆ ಓದಲು ಸೇರಿದರೆ ಅರ್ಹತೆ ಹೋಗುತ್ತದೆ, ನಿರುದ್ಯೋಗಿ ಎಂಬ ಸ್ವಯಂ ಘೋಷಣೆಯನ್ನು ಕಾಲಕಾಲಕ್ಕೆ ಕೊಡದಿದ್ದರೆ ಹಣ ನಿಲ್ಲುತ್ತದೆ. ಹಂಪಿನಗರದ ಗ್ರಂಥಾಲಯದಲ್ಲಿ ಬೆಳಗಿನಿಂದ ಕೂತು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ಇದು ಊಟದ ದುಡ್ಡು. ಎಸ್ಸೆಸ್ಸೆಲ್ಸಿಯಲ್ಲೇ ನಿಂತವರಿಗೆ ಇದರಲ್ಲಿ ಏನೂ ಇಲ್ಲ.

ಮತ್ತೆ ಶಾಲೆಗೆ

ಕೆಲಸದ ಕೇಂದ್ರಗಳು ಸಾಮಾನ್ಯವಾಗಿ ಓದಿನ ಮಾತೆತ್ತುವುದಿಲ್ಲ. ಓದಿಸಿದರೆ ಅವರ ಲೆಕ್ಕಕ್ಕೆ ಪ್ಲೇಸ್‌ಮೆಂಟ್ ಆಗುವುದಿಲ್ಲವಲ್ಲ. ಆದರೆ ಎಸ್ಸೆಸ್ಸೆಲ್ಸಿಯಲ್ಲಿ ಒಂದೆರಡು ವಿಷಯ ಹೋದವರಿಗೆ ಅದನ್ನು ಮುಗಿಸುವುದೇ ಅತಿ ಅಗ್ಗದ ಹೂಡಿಕೆ. ಹೋದ ವಿಷಯ ಮಾತ್ರ ಬರೆದರೆ ಸಾಕು, 2024ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ನಡೆಯುತ್ತಿದೆ. ಗಣಿತವೇ ಗೋಡೆಯಾಗಿರುವವರಿಗೆ ಎನ್‌ಐಒಎಸ್ ಎಂಬ ರಾಷ್ಟ್ರೀಯ ಮುಕ್ತ ಶಾಲೆ ಇದೆ. ಐದು ವಿಷಯ ನೀವೇ ಆರಿಸಿಕೊಳ್ಳಬಹುದು, ಈಗಾಗಲೇ ಪಾಸಾದ ಎರಡು ವಿಷಯದ ಅಂಕ ವರ್ಗಾಯಿಸಿಕೊಳ್ಳಬಹುದು, ಐದು ವರ್ಷದಲ್ಲಿ ಒಂಬತ್ತು ಅವಕಾಶ. ಆದರೆ ಮುಂದೆ ಎಲೆಕ್ಟ್ರಿಷಿಯನ್ ಅಥವಾ ಡಿಪ್ಲೊಮಾ ಕನಸಿದ್ದರೆ ಗಣಿತ, ವಿಜ್ಞಾನ ಬಿಡಬೇಡಿ. ಸುಲಭ ಎಂದು ಬಿಟ್ಟ ವಿಷಯ ಮುಂದೆ ಬಾಗಿಲಲ್ಲಿ ನಿಂತು ಅಡ್ಡ ಹಾಕುತ್ತದೆ. ಸರ್ಕಾರಿ ಶಾಲೆ, ಕಾಲೇಜಿನಲ್ಲಿ ಎಸ್ಸೆಸ್ಸೆಲ್ಸಿ, ಪಿಯುಸಿ ಮುಗಿಸಿ ಪದವಿಯ ಮೊದಲ ವರ್ಷ ಸೇರುವ ಹುಡುಗಿಯರು ವರ್ಷಕ್ಕೆ 30,000 ರೂಪಾಯಿಯ ಅಜೀಂ ಪ್ರೇಮ್‌ಜಿ ವಿದ್ಯಾರ್ಥಿವೇತನ ವಿಚಾರಿಸಬೇಕು. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದವರಿಗೆ ವಿದ್ಯಾಸಿರಿ ಯೋಜನೆಯಲ್ಲಿ ಹತ್ತು ತಿಂಗಳು ಮಾಸಿಕ ನೆರವು.

ಸಾಮಾನ್ಯ ಕೇಂದ್ರಕ್ಕೆ ಒಗ್ಗದವರು

ಅಂಗವಿಕಲ ಯುವಜನರನ್ನು ಸಾಮಾನ್ಯ ಕೇಂದ್ರಕ್ಕೆ ಸೇರಿಸಿ ‘ಅಡ್ಜಸ್ಟ್ ಮಾಡ್ಕೊಳ್ಳಿ’ ಎನ್ನುವುದಕ್ಕಿಂತ ಎನೇಬಲ್ ಇಂಡಿಯಾ ಅಥವಾ ಸಮರ್ಥನಂ ಕಡೆ ಹೋಗಿ. 1999ರಿಂದ ಕೋರಮಂಗಲದಲ್ಲಿ ಕೆಲಸ ಮಾಡುತ್ತಿರುವ ಎನೇಬಲ್ ಇಂಡಿಯಾದ ವಿಶೇಷ ಎಂದರೆ ವ್ಯಕ್ತಿಯನ್ನಷ್ಟೇ ಅಲ್ಲ, ಕೆಲಸದ ಜಾಗವನ್ನೂ ತಯಾರು ಮಾಡುತ್ತಾರೆ. ಕಂಪ್ಯೂಟರಿನಲ್ಲಿ ತೆರೆ ಓದುವ ತಂತ್ರಾಂಶ ಕಂಪನಿಯ ಸಾಫ್ಟ್‌ವೇರ್ ಜೊತೆ ಹೊಂದುತ್ತದೆಯೇ ಎಂದು ಮೊದಲೇ ಪರೀಕ್ಷಿಸುವುದು ಅಂಥ ಕೆಲಸ. ಸ್ಮಾರ್ಟ್‌ಫೋನ್ ಇಲ್ಲದವರಿಗೂ ಆಗುವಂತೆ ಧ್ವನಿ ಮೂಲಕ ನಡೆಯುವ ‘ನಮ್ಮ ವಾಣಿ’ ಸೇವೆಯೂ ಅವರದು. 1997ರ ಸಮರ್ಥನಂ ಎಚ್‌ಎಸ್‌ಆರ್ ಲೇಔಟ್‌ನಲ್ಲಿದೆ. ದೃಷ್ಟಿದೋಷ ಇರುವವರಿಗೆ ಶಾಲೆಯಿಂದ ಕೆಲಸದವರೆಗೆ ಒಂದೇ ಸೂರಿನಡಿ ದಾರಿ ಇದೆ. ಎರಡೂ ಕಡೆ ಯುಡಿಐಡಿ ಎಂಬ ಅಂಗವಿಕಲರ ಗುರುತಿನ ಕಾರ್ಡ್ ಕೇಳುತ್ತಾರೆ, ಮೊದಲೇ ಅರ್ಜಿ ಹಾಕಿ.

ಬೀದಿಯಲ್ಲಿ, ರೈಲು ನಿಲ್ದಾಣದಲ್ಲಿ ಸಿಕ್ಕ ಮಕ್ಕಳಿಗೆ 1980ರಿಂದ ಆಸರೆಯಾಗಿರುವುದು ಬಾಸ್ಕೊ, ಅಂದರೆ ಬೆಂಗಳೂರು ಓಣಿಯವರ ಸೇವಾಕೂಟ. 18 ತುಂಬದವರ ವಿಷಯಕ್ಕೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬೇಕು. 18 ತುಂಬಿ ಬಾಲಮಂದಿರದಿಂದ ಹೊರಬಂದವರಿಗೆ 2015ರ ಬಾಲನ್ಯಾಯ ಕಾಯ್ದೆಯಲ್ಲಿ ನಂತರದ ಆರೈಕೆ ಎಂಬ ವ್ಯವಸ್ಥೆ ಇದೆ, 21ರವರೆಗೆ, ವಿಶೇಷ ಸಂದರ್ಭದಲ್ಲಿ 23ರವರೆಗೆ. ಮಿಷನ್ ವಾತ್ಸಲ್ಯದಡಿ ತಿಂಗಳಿಗೆ 4,000. ಅರ್ಜಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ಹೊರಬರುವ ಮುನ್ನವೇ ಬಾಲಮಂದಿರದ ಅಧೀಕ್ಷಕರ ಮೂಲಕ ಕಡತ ಕಳಿಸಿದರೆ ಸಲೀಸು. ಬಂದ ಮೇಲೆ ವಿಳಾಸದ ಪುರಾವೆಯೇ ದೊಡ್ಡ ತಲೆನೋವು, ಯಾಕೆಂದರೆ ಇವರ ಆಧಾರ್‌ನಲ್ಲಿರುವುದು ಬಿಟ್ಟು ಬಂದ ಸಂಸ್ಥೆಯ ವಿಳಾಸವೇ.

ಯಾವ ಕೇಂದ್ರಕ್ಕೇ ಫೋನ್ ಮಾಡಿದರೂ ಹೀಗೆ ಕೇಳಿ: ಕಳೆದ ಬ್ಯಾಚಿನಲ್ಲಿ ಎಷ್ಟು ಜನ ಸೇರಿದರು, ಎಷ್ಟು ಜನ ಮುಗಿಸಿದರು, ಮೂರು ತಿಂಗಳ ಮೇಲೂ ಕೆಲಸದಲ್ಲಿರುವವರು ಎಷ್ಟು? ಕೈಗೆ ಬರುವ ಸಂಬಳ ಎಷ್ಟು, ಪತ್ರದ್ದಲ್ಲ? ಮಧ್ಯಾಹ್ನದ ಊಟ ಇದೆಯೇ? ಕೆಲಸ ಬಿಟ್ಟರೆ ಎರಡನೇ ಸಲ ಕೊಡಿಸುತ್ತೀರಾ? ಹಳೇ ಬ್ಯಾಚಿನ ಇಬ್ಬರ ಜೊತೆ ಮಾತಾಡಿಸುತ್ತೀರಾ? ಕೊನೆಯ ಪ್ರಶ್ನೆಗೆ ‘ನಂಬರ್ ಕೊಡೋಕಾಗಲ್ಲ, ಅವರನ್ನೇ ಕೇಳಿ ನಿಮಗೆ ಫೋನ್ ಮಾಡಿಸ್ತೀವಿ’ ಎಂದರೆ ಅದು ಒಳ್ಳೆಯ ಉತ್ತರ. ಸಂಜೆಯೊಳಗೆ ಆ ಫೋನ್ ಬಂದರೆ ಮರುದಿನವೇ ಮೂಲಪ್ರತಿ, ಜೆರಾಕ್ಸ್ ಎರಡನ್ನೂ ತಗೊಂಡು ಹೋಗಿ ಸೇರಿಸಿ.